ಜೀಪಿನ ಹೌಸಿಂಗಿಗೂ ಒಂದು ಮೂಗಿದೆ

ಮೇ ತಿಂಗಳು ಮುಗಿಯುವುದರೊಳಗೆ ನಮ್ಮ ಮನೆಯಲ್ಲಿ ಮೂರು ಕೆಲಸ ಆಗಿರಬೇಕು. ಸೌದೆ ಕೊಟ್ಟಿಗೆ ಸೇರಬೇಕು, ಹಂಚು ಕೈಯಾಡಿಸಬೇಕು, ಜೀಪಿನ ಬ್ರೀದರ್ ತೊಳೆಯಬೇಕು. ಮೊದಲೆರಡನ್ನು ಮಲೆನಾಡಿನಲ್ಲಿ ಎಲ್ಲರೂ ಮಾಡುತ್ತಾರೆ. ಮೂರನೆಯದು ಯಾರಿಗೂ ನೆನಪಾಗುವುದಿಲ್ಲ. ಎರಡು ಚಕ್ರಗಳ ನಡುವಿನ, ಗೇರೂ ಎಣ್ಣೆಯೂ ಇರುವ ಕಬ್ಬಿಣದ ಕವಚವೇ ಹೌಸಿಂಗ್. ಅದು ಉಸಿರಾಡುವ ಮೂಗೇ ಬ್ರೀದರ್.

ನಮ್ಮದು ಹಳೇ ಮಹೀಂದ್ರ ಎಂಎಂ 540 ಜೀಪು. ತೋಟಕ್ಕೆ ಹೋಗಬೇಕಾದರೆ ಹಳ್ಳ ದಾಟಲೇಬೇಕು. ಒಂದು ವರ್ಷವಂತೂ ಹಿಂಬದಿಯ ಎಡ ಚಕ್ರದ ಆಯಿಲ್ ಸೀಲನ್ನು, ಅಂದರೆ ಎಣ್ಣೆ ಹೊರಬರದಂತೆ ತಡೆಯುವ ಬಳೆಯನ್ನು, ಮೂರು ಸಲ ಹಾಕಿಸಿದೆ. ಡ್ರಮ್ ಬಿಚ್ಚಿದಾಗಲೆಲ್ಲ ಬ್ರೇಕ್ ಲೈನರ್ ಪೂರ್ತಿ ಎಣ್ಣೆ. ಇಳುಕಲಿನಲ್ಲಿ ಬ್ರೇಕ್ ತುಳಿದರೆ ಜೀಪು ಒಂದು ಕಡೆಗೆ ಎಳೆಯುತ್ತಿತ್ತು. "ಸೀಲೇ ಡೂಪ್ಲಿಕೇಟು ಮಾರಾಯ್ರೇ" ಎಂದ ಮೆಕ್ಯಾನಿಕ್. ನಾನೂ ನಂಬಿದೆ. ಕೊನೆಗೆ ಹಳೇ ಲಾರಿ ಡ್ರೈವರ್ ಒಬ್ಬರು ಜೀಪಿನಡಿ ತೂರಿಕೊಂಡು, ಹೌಸಿಂಗ್ ಮೇಲಿನ ಒಂದು ಪುಟ್ಟ ಟೋಪಿಯನ್ನು ಉಗುರಲ್ಲಿ ಕೆರೆದರು. ಟೋಪಿ ಅಲ್ಲಾಡಲಿಲ್ಲ. ಅದೇ ಬ್ರೀದರ್. ಒಳಗೆ ಕೆಸರು ಒಣಗಿ ಇಟ್ಟಿಗೆಯಾಗಿತ್ತು.

ಕುಕ್ಕರಿನ ವೆಯ್ಟ್ ಕೆಳಗಿನ ತೂತು ಕಟ್ಟಿಕೊಂಡರೆ ಏನಾಗುತ್ತದೆ ಎಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಇಲ್ಲೂ ಹಾಗೇ. ಜೀಪು ಓಡಿದಂತೆ ಹೌಸಿಂಗ್ ಒಳಗಿನ ಗೇರ್ ಆಯಿಲೂ ಗಾಳಿಯೂ ಬಿಸಿಯಾಗಿ ಉಬ್ಬುತ್ತವೆ. ಬ್ರೀದರ್ ತೆರೆದಿದ್ದರೆ ಆ ಗಾಳಿ ಹೊರಗೆ ಹೋಗುತ್ತದೆ. ಕಟ್ಟಿದ್ದರೆ ಎಣ್ಣೆ ಸೀಲನ್ನು ದಾಟಿಕೊಂಡು ಡ್ರಮ್ಮಿಗೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಹಳ್ಳದಲ್ಲಿ ಆಗುತ್ತದೆ. ಬಿಸಿನೀರು ತುಂಬಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ತಣ್ಣಗಾದಾಗ ಒಳಕ್ಕೆ ಸೊಟ್ಟಗಾಗುವುದನ್ನು ನೋಡಿರುತ್ತೀರಿ. ಕಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿಯೂ ಹಾಗೇ ಕುಗ್ಗುತ್ತದೆ. ಹೌಸಿಂಗ್ ಸೊಟ್ಟಗಾಗುವುದಿಲ್ಲ. ಬದಲಿಗೆ ಸೀಲಿನ ಸಂದಿಯಿಂದ ನೀರು ಹೀರುತ್ತದೆ.

ತೊಳೆಯುವುದು, ನೆನೆಸುವ ಹೊತ್ತು ಬಿಟ್ಟರೆ, ಹತ್ತು ನಿಮಿಷದ ಕೆಲಸ. ಜೀಪು ಸಮತಟ್ಟಾದ ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಹೌಸಿಂಗ್ ಆರಲಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅದೇ ಮಣ್ಣು ತೂತಿಗೆ ಬೀಳುತ್ತದೆ. ಇದ್ದಲ್ಲೇ ತಂತಿ ಚುಚ್ಚುವುದು ಬೇಡ, ಕಸವೆಲ್ಲ ಗೇರಿನ ಮೇಲೆ ಹೋಗುತ್ತದೆ. ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ರಾತ್ರಿ ನೆನೆಸಿ. ತೂತಿಗೆ ಅಷ್ಟು ಹೊತ್ತು ಬಟ್ಟೆಯ ಬಿರಡೆ. ಬೆಳಿಗ್ಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ. ಟೋಪಿ ಬೆರಳಿಗೆ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಹೊಸದು ಹಾಕಿ, ಸೀಲ್ ಬದಲಿಸುವ ಕೂಲಿಯ ಮುಂದೆ ಅದರ ಬೆಲೆ ಏನೂ ಅಲ್ಲ. ಮುಂಬದಿಯ ಹೌಸಿಂಗಿಗೂ ಒಂದು ಬ್ರೀದರ್ ಇದೆ, ಮರೆಯಬೇಡಿ.

ಹಾಗೇ ಎಣ್ಣೆಯನ್ನೂ ನೋಡಿಬಿಡಿ. ಎಣ್ಣೆ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ. ಎಣ್ಣೆ ತೂತಿನ ಅಂಚಿಗೆ ಇರಬೇಕು. ಬೆರಳಿಗೆ ಹಾಲು ಹಾಕಿದ ಕಾಫಿಯ ಬಣ್ಣ ಹತ್ತಿದರೆ ನೀರು ಸೇರಿದೆ ಎಂದೇ ಲೆಕ್ಕ, ಪೂರ್ತಿ ಬದಲಿಸಿ. ಯಾವಾಗಲೂ ಫಿಲ್ಲರನ್ನೇ ಮೊದಲು ಬಿಚ್ಚಿ. ಎಣ್ಣೆ ಇಳಿಸುವ ಕೆಳಗಿನ ಬೋಲ್ಟನ್ನು ಬಿಚ್ಚಿ ಎಣ್ಣೆ ಚೆಲ್ಲಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಜೀಪು ಅಲ್ಲೇ ಕೂತಂತೆ. ನನಗೆ ಒಮ್ಮೆ ಹಾಗಾಗಿದೆ.

ಹಳ್ಳ ಜಾಸ್ತಿ ದಾಟುವವರು ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿಸಿ, ಡೀಸೆಲ್ ಪೈಪ್ ಜೋಡಿಸಿ, ಅದನ್ನು ಬಾನೆಟ್ ಒಳಗಿನವರೆಗೆ ತನ್ನಿ, ಆಗ ಬ್ರೀದರಿನ ಬಾಯಿ ನೀರಿನಿಂದ ಮೇಲಿರುತ್ತದೆ. ಪೈಪು ಬಿಸಿ ಸೈಲೆನ್ಸರಿಗೂ ತಿರುಗುವ ಜಾಯಿಂಟ್ ಶಾಫ್ಟಿಗೂ ತಾಗಬಾರದು. ಪೈಪನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಮೊದಲ ಗುಂಡಿಯಲ್ಲೇ ಕಿತ್ತುಬರುತ್ತದೆ. ಜಾಕ್ ಕೊಟ್ಟು ಚಕ್ರ ಜೋತಾಡುವಷ್ಟು ಎತ್ತಿ, ಆಗಲೂ ಪೈಪು ಸಡಿಲ ಇರಬೇಕು. ಮೇಲ್ತುದಿ ಕೊಡೆಯ ಹಿಡಿಯಂತೆ ಕೆಳಕ್ಕೆ ಬಾಗಿರಲಿ. ತುದಿಗೆ ಬೈಕಿನ ಪುಟ್ಟ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಸುಮ್ನೆ ತೆರೆದಿಟ್ಟರೆ ಕುಂಬಾರ ಹುಳ ಬಿಡುವುದಿಲ್ಲ. ನಮ್ಮ ಪೈಪಿನೊಳಗೆ ಅದು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಬಿಡಿಸಿದರೆ ಒಳಗೆ ಸಾಲಾಗಿ ತುಂಬಿಟ್ಟ ಜೇಡಗಳು.