ಕೆನಡಾ ಪಿಆರ್: ಮೊದಲು ಮನೆಯವರ ಹೆಸರು ಬರೆಸಿ, ಆಮೇಲೆ ದಿನ ಎಣಿಸಿ

ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿನ ಕಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕುವವರು ಸಿಆರ್‌ಎಸ್ ಅಂಕಗಳ (ಅರ್ಜಿದಾರರನ್ನು ಸಾಲಿನಲ್ಲಿ ನಿಲ್ಲಿಸುವ ಅಂಕಗಳು) ಬಗ್ಗೆ ತಲೆಕೆಡಿಸಿಕೊಳ್ಳುವಷ್ಟು ಮನೆಯವರ ಹೆಸರುಗಳ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಅಂಕ ಕಡಿಮೆ ಬಿದ್ದರೆ ಐಇಎಲ್‌ಟಿಎಸ್ ಇನ್ನೊಮ್ಮೆ ಬರೆದು ಮುಂದಿನ ಡ್ರಾಗೆ, ಅಂದರೆ ಆಹ್ವಾನ ಕೊಡುವ ಮುಂದಿನ ಸುತ್ತಿಗೆ, ಕಾಯಬಹುದು. ಅರ್ಜಿಯಲ್ಲಿ ಹೆಂಡತಿಯನ್ನೋ ಗಂಡನನ್ನೋ ಮಗುವನ್ನೋ ಬಿಟ್ಟರೆ ಅದನ್ನು ಸರಿಪಡಿಸಲು ದಾರಿ ಬಹಳ ಕಿರಿದು. ಹಾಗಾಗಿ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಮದುವೆ ಮತ್ತು ಪಿಆರ್: ಯಾವುದು ಮೊದಲು?

ವಲಸೆ ನಿಯಮಾವಳಿಯ 117(9)(ಡಿ) ಕಲಂ ಹೇಳುವುದು ಇಷ್ಟು: ನೀವು ಪಿಆರ್ ಆದ ದಿನ ನಿಮಗೆ ಸಂಗಾತಿಯೋ ಅವಲಂಬಿತ ಮಗುವೋ ಇದ್ದು, ಅವರನ್ನು ಅರ್ಜಿಯಲ್ಲಿ ತೋರಿಸದೆ, ಅವರ ವೈದ್ಯಕೀಯ ಪರೀಕ್ಷೆ ಆಗದೆ ಹೋಗಿದ್ದರೆ, ಮುಂದೆ ಅವರನ್ನು ನೀವು ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವಂತಿಲ್ಲ, ಅಂದರೆ ನಿಮ್ಮ ಹೊಣೆಯ ಮೇಲೆ ಅವರಿಗೆ ಪಿಆರ್ ಕೊಡಿಸುವಂತಿಲ್ಲ. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನವಲ್ಲ, ಪಿಆರ್ ಆದ ದಿನ.

ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಐಟಿಎ (ಅರ್ಜಿ ಹಾಕಲು ಆಹ್ವಾನ) ಬಂತು, 60 ದಿನದೊಳಗೆ ಅರ್ಜಿ ಹಾಕಿಯಾಯಿತು, ಫಲಿತಾಂಶಕ್ಕೆ ಕಾಯುವ ತಿಂಗಳುಗಳಲ್ಲಿ ಮದುವೆ ಆಯಿತು. ಅರ್ಜಿಯಲ್ಲಿ ಅವಿವಾಹಿತ ಎಂದೇ ಉಳಿಯಿತು. ಅದೇ ಸ್ಥಿತಿಯಲ್ಲಿ ಪಿಆರ್ ದೃಢೀಕರಣವೂ ಆಯಿತು. ಆರು ತಿಂಗಳ ನಂತರ ಹೆಂಡತಿಯನ್ನು ಕರೆಸಿಕೊಳ್ಳಲು ಹೊರಟರೆ ಅರ್ಜಿ ತಿರಸ್ಕೃತ. ಅದಕ್ಕಿಂತ ಕೆಟ್ಟದೆಂದರೆ, ಸುಳ್ಳು ಮಾಹಿತಿ ಕೊಟ್ಟಿರಿ ಎಂದು ನಿಮ್ಮ ಸ್ವಂತ ಪಿಆರ್ ಮೇಲೇ ತನಿಖೆ ಬರಬಹುದು.

"ಮದುವೆ ರಿಜಿಸ್ಟರ್ ಮಾಡಿಸದೆ ಇಟ್ಟರೆ ಆಯಿತಲ್ಲ" ಎನ್ನುವ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದು ನಡೆಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕೊಡುವ ಪ್ರಮಾಣಪತ್ರದಲ್ಲಿ ಮದುವೆ ನಡೆದ ತಾರೀಖು ಇರುತ್ತದೆ. ಲಗ್ನಪತ್ರಿಕೆಯೂ ಫೋಟೊಗಳೂ ಅದನ್ನೇ ಹೇಳುತ್ತವೆ. ಎರಡೇ ದಾರಿ: ಪಿಆರ್ ಆದಮೇಲೆ ಮದುವೆಯಾಗಿ ಸ್ಪಾನ್ಸರ್ ಮಾಡುವುದು, ಇಲ್ಲವೇ ಮದುವೆಯಾದ ಕೂಡಲೇ ಐಆರ್‌ಸಿಸಿಯ (ಕೆನಡಾದ ವಲಸೆ ಇಲಾಖೆ) ವೆಬ್ ಫಾರ್ಮ್ ಮೂಲಕ ತಿಳಿಸಿ, ಸಂಗಾತಿಯನ್ನು ಸೇರಿಸಿ, ಶುಲ್ಕ ಕಟ್ಟಿ, ಪ್ಯಾನೆಲ್ ವೈದ್ಯರ (ಆ ಇಲಾಖೆ ಗೊತ್ತುಮಾಡಿದ ವೈದ್ಯರು) ಬಳಿ ಅವರ ಪರೀಕ್ಷೆ ಮಾಡಿಸುವುದು. ಅವರು ಈಗಲೇ ಜೊತೆಗೆ ಬರದಿದ್ದರೂ "ಜೊತೆಗೆ ಬರುತ್ತಿಲ್ಲ" ಎಂದು ಗುರುತಿಸಿ ಪರೀಕ್ಷೆ ಮಾಡಿಸಲೇಬೇಕು. ಕಾಯುವ ಅವಧಿಯಲ್ಲಿ ಹುಟ್ಟಿದ ಮಗುವಿಗೂ, ವಿಚ್ಛೇದನದ ನಂತರ ಇನ್ನೊಬ್ಬರ ಬಳಿ ಇರುವ ಮಗುವಿಗೂ ಇದೇ ನಿಯಮ. 2019ರ ಸೆಪ್ಟೆಂಬರ್‌ನಲ್ಲಿ ಕೆಲವರಿಗೆ ರಿಯಾಯಿತಿ ಕೊಡುವ ತಾತ್ಕಾಲಿಕ ನೀತಿ ಬಂತು. ಅದು ಎಲ್ಲರಿಗೂ ಅನ್ವಯಿಸುವುದಿಲ್ಲ, ಅದನ್ನು ನಂಬಿ ಯೋಜನೆ ಹಾಕಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: ಅಪ್ಪ ಅಮ್ಮ ಇಬ್ಬರೂ ಪಿಆರ್ ಇದ್ದು, ಮಗು ಕೆನಡಾದ ಹೊರಗೆ ಹುಟ್ಟಿದರೆ ಅದು ತಾನಾಗಿ ಪಿಆರ್ ಆಗುವುದಿಲ್ಲ. ಅದನ್ನೂ ಸ್ಪಾನ್ಸರ್ ಮಾಡಬೇಕು. ಹೆರಿಗೆಗೆ ತವರಿಗೆ ಹೋಗುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಸರಿನ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ಕೆನಡಾದ ಅರ್ಜಿಯಲ್ಲಿ ಇಡೀ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಡಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಎಂದಿದ್ದರೆ, ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಅನುವಾದ ಬೇಕು, ಅನುವಾದಕರ ಅಫಿಡವಿಟ್ ಬೇಕು. ಮನೆಯವರು ಮಾಡಿದ ಅನುವಾದ ಒಪ್ಪುವುದಿಲ್ಲ.

ಗಂಡ ಅಥವಾ ಹೆಂಡತಿಯನ್ನು ಸ್ಪಾನ್ಸರ್ ಮಾಡುವುದು

ಸಂಗಾತಿಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ನಿಮಗೆ 18 ತುಂಬಿರಬೇಕು, ಅಂಗವೈಕಲ್ಯವಲ್ಲದ ಬೇರೆ ಕಾರಣಕ್ಕೆ ಸರ್ಕಾರದ ಸಾಮಾಜಿಕ ನೆರವು ಪಡೆಯುತ್ತಿರಬಾರದು. ಪಿಆರ್ ಇರುವವರು ಕೆನಡಾದಲ್ಲಿ ವಾಸವಿದ್ದುಕೊಂಡೇ ಸ್ಪಾನ್ಸರ್ ಮಾಡಬೇಕು. ಹೊರದೇಶದಲ್ಲಿ ಕೂತು ಸ್ಪಾನ್ಸರ್ ಮಾಡುವ ಅವಕಾಶ ಪ್ರಜೆಗಳಿಗೆ ಮಾತ್ರ, ಅದೂ ವಾಪಸ್ ಬರುತ್ತೇವೆಂದು ತೋರಿಸಿದರೆ. ನಿಮ್ಮನ್ನೇ ಸಂಗಾತಿ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದರೆ, ಪಿಆರ್ ಆಗಿ ಐದು ವರ್ಷ ತುಂಬುವವರೆಗೆ ಹೊಸ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ.

ಅಧಿಕಾರಿ ಹೆಚ್ಚು ಹೊತ್ತು ನೋಡುವ ಕಾಗದ ಐಎಂಎಂ 5532, ಅಂದರೆ ಸಂಬಂಧದ ವಿವರದ ಫಾರ್ಮ್. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಮೊದಲ ಭೇಟಿಗೂ ಮುಹೂರ್ತಕ್ಕೂ ಎರಡು ತಿಂಗಳ ಅಂತರ ಇರುವುದು ನಮಗೆ ಸಹಜ. ಕಡತ ನೋಡುವವರಿಗೆ ಅದು ಸಹಜವಾಗಿ ಕಾಣಬೇಕಾದರೆ ನೀವು ಬಿಡಿಸಿ ಬರೆಯಬೇಕು: ಸಂಬಂಧ ತಂದವರು ಯಾರು, ಎರಡೂ ಮನೆಯವರು ಎಂದು ಸೇರಿದರು, ನಿಶ್ಚಿತಾರ್ಥ ಯಾವಾಗ, ಅದರ ನಂತರ ನೀವಿಬ್ಬರೂ ಹೇಗೆ ಮಾತಾಡಿಕೊಂಡಿರಿ, ಮದುವೆಗೆ ಯಾವ ಬಂಧುಗಳು ಬಂದಿದ್ದರು, ಯಾರು ಬರಲಿಲ್ಲ, ಏಕೆ. ಇಬ್ಬರ ಉತ್ತರಗಳಲ್ಲಿ ತಾರೀಖು ಹೊಂದಬೇಕು. ವಾಟ್ಸಾಪ್ ಸಂಭಾಷಣೆಯ ಮುನ್ನೂರು ಪುಟ ಸುರಿಯುವುದರಿಂದ ಲಾಭವಿಲ್ಲ; ತಿಂಗಳಿಗೆ ಒಂದೆರಡು ಪುಟ, ಕರೆಗಳ ಪಟ್ಟಿ, ವಿಮಾನದ ಟಿಕೆಟ್, ಹಣ ಕಳಿಸಿದ ದಾಖಲೆ, ವಿಮೆಯಲ್ಲಿ ನಾಮಿನಿ ಮಾಡಿದ ಪತ್ರ ಸಾಕು. ಸ್ಟುಡಿಯೊದಲ್ಲಿ ತೆಗೆಸಿದ ಜೋಡಿ ಫೋಟೊಗಿಂತ ಎರಡೂ ಮನೆಯವರು ಒಟ್ಟಿಗಿರುವ ಫೋಟೊ ಹೆಚ್ಚು ತೂಗುತ್ತದೆ. ಹಿಂದಿನ 10 ವರ್ಷಗಳಲ್ಲಿ ಸತತ ಆರು ತಿಂಗಳು ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕು. ಗಲ್ಫ್‌ನಲ್ಲಿ ಕೆಲಸ ಮಾಡಿದ್ದನ್ನು ಮರೆತು ತಡಮಾಡಿಕೊಳ್ಳುವವರಿದ್ದಾರೆ.

ಸಂಗಾತಿ ಈಗಾಗಲೇ ಕೆನಡಾದಲ್ಲಿದ್ದರೆ ಎರಡು ಬಗೆಯಲ್ಲಿ ಹಾಕಬಹುದು. ದೇಶದೊಳಗಿನ ವರ್ಗದಲ್ಲಿ ಹಾಕಿದರೆ ನೀವಿಬ್ಬರೂ ಅಲ್ಲೇ ಒಟ್ಟಿಗೆ ಇರಬೇಕು; ಮಧ್ಯೆ ಹೊರಗೆ ಹೋಗಿ ಮರಳಲು ಆಗದಿದ್ದರೆ ಅರ್ಜಿಯೇ ಕೆಡಬಹುದು. ತಿರಸ್ಕಾರವಾದರೆ ಮೇಲ್ಮನವಿ ಇಲ್ಲ, ಫೆಡರಲ್ ಕೋರ್ಟಿಗೆ 15 ದಿನದೊಳಗೆ ಹೋಗಬೇಕು. ಕುಟುಂಬ ವರ್ಗದಲ್ಲಿ ಹೊರಗಿನಿಂದ ಎಂಬಂತೆ ಹಾಕಿದರೆ ವಲಸೆ ಮೇಲ್ಮನವಿ ಮಂಡಳಿಗೆ 30 ದಿನದೊಳಗೆ ಹೋಗುವ ಹಕ್ಕು ಉಳಿಯುತ್ತದೆ. ಊರಿಗೆ ಹೋಗಿಬರುವ ಸಂಭವವಿದ್ದವರಿಗೆ ಎರಡನೆಯದೇ ವಾಸಿ.

ಸ್ಪಾನ್ಸರ್ ಮಾಡುವಾಗ ನೀವು ಸಹಿ ಹಾಕುವ ಮುಚ್ಚಳಿಕೆಯನ್ನು, ಅಂದರೆ ಅವರ ಹೊಣೆ ಹೊರುವ ಕರಾರನ್ನು, ಓದಿ. ಸಂಗಾತಿಗೆ ಅದು ಮೂರು ವರ್ಷ. ಆ ಅವಧಿಯಲ್ಲಿ ಅವರು ಸಾಮಾಜಿಕ ನೆರವು ಪಡೆದರೆ ಆ ಹಣ ನೀವು ತುಂಬಬೇಕು, ವಿಚ್ಛೇದನವಾದರೂ. ಪ್ರಾಂತ್ಯದ ಹೆಲ್ತ್ ಕಾರ್ಡ್ ಬಳಸುವುದು ಸಾಮಾಜಿಕ ನೆರವಲ್ಲ. ಆಸ್ಪತ್ರೆಗೆ ಹೋಗಲು ಹೆದರಬೇಕಿಲ್ಲ.

ಅಪ್ಪ ಅಮ್ಮ

ತಂದೆತಾಯಿಯ ಪಿಆರ್ ಸ್ಪಾನ್ಸರ್‌ಶಿಪ್ ಆಸೆಪಟ್ಟ ಕೂಡಲೇ ಸಿಗುವಂಥದ್ದಲ್ಲ. ಆಹ್ವಾನ ಬಂದರಷ್ಟೇ ಅರ್ಜಿ. 2020ರಲ್ಲಿ ಆಸಕ್ತಿ ಫಾರ್ಮ್ ತುಂಬಿದವರ ಪಟ್ಟಿಯಿಂದಲೇ ನಂತರದ ಹಲವು ವರ್ಷ ಹೆಸರು ಎತ್ತಿದರು. ಆಹ್ವಾನ ಬಂದರೂ ಹಿಂದಿನ ಮೂರು ತೆರಿಗೆ ವರ್ಷಗಳಲ್ಲಿ ಪ್ರತಿವರ್ಷವೂ ನಿಗದಿತ ಆದಾಯ ಇರಬೇಕು, ಅದಕ್ಕೆ ಸಾಕ್ಷಿ ಕೆನಡಾ ತೆರಿಗೆ ಇಲಾಖೆಯ ನೋಟಿಸ್ ಆಫ್ ಅಸೆಸ್‌ಮೆಂಟ್ (ತೆರಿಗೆ ಲೆಕ್ಕದ ಪತ್ರ). ಕುಟುಂಬದ ಗಾತ್ರ ಎಣಿಸುವಾಗ ನೀವು, ಸಂಗಾತಿ, ಮಕ್ಕಳು, ಬರಲಿರುವ ಅಪ್ಪ ಅಮ್ಮ, ಹಿಂದೆ ಸ್ಪಾನ್ಸರ್ ಮಾಡಿ ಮುಚ್ಚಳಿಕೆ ಇನ್ನೂ ಮುಗಿಯದವರು, ಎಲ್ಲರೂ ಸೇರುತ್ತಾರೆ. ಆದಾಯ ಸಾಲದಿದ್ದರೆ ಸಂಗಾತಿಯ ಆದಾಯ ಸೇರಿಸಬಹುದು, ಅಣ್ಣನದೋ ತಂಗಿಯದೋ ಆಗದು. ಮುಚ್ಚಳಿಕೆ 20 ವರ್ಷ, ಕ್ವಿಬೆಕ್‌ನಲ್ಲಿ 10. ಸಂಗಾತಿಗೂ ಮಕ್ಕಳಿಗೂ ಇರುವ ಆರೋಗ್ಯದ ವಿನಾಯಿತಿ ಇವರಿಗಿಲ್ಲ: ಚಿಕಿತ್ಸೆಯ ವೆಚ್ಚ ಮಿತಿ ಮೀರುತ್ತದೆ ಎನಿಸಿದರೆ ಅರ್ಜಿ ನಿಲ್ಲಬಹುದು.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರಬಯಸುವ ಹಿರಿಯರಿಗೆ ಸೂಪರ್ ವೀಸಾ ಸಾಕು, ಪಿಆರ್ ಬೇಕಿಲ್ಲ. ಹತ್ತು ವರ್ಷದವರೆಗೆ ಹಲವು ಬಾರಿ ಬಂದುಹೋಗಬಹುದು. 2022ರ ಜುಲೈ 4ರಿಂದ ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಬೇಕಾದದ್ದು ಆಹ್ವಾನ ಪತ್ರ, ನಿಮ್ಮ ಆದಾಯದ ಪುರಾವೆ, ಅವರ ವೈದ್ಯಕೀಯ ಪರೀಕ್ಷೆ, ಜೊತೆಗೆ ಕನಿಷ್ಠ 1,00,000 ಕೆನಡಿಯನ್ ಡಾಲರ್ ಮೊತ್ತದ, ಕನಿಷ್ಠ ಒಂದು ವರ್ಷದ ವಿಮೆ. ಬರೀ ಕೊಟೇಶನ್ ತೋರಿಸಿದರೆ ಸಾಲದು, ಹಣ ಕಟ್ಟಿರಬೇಕು; ಮುಂಗಡ ಕಟ್ಟಿ ಕಂತಿನಲ್ಲಿ ತೆಗೆದುಕೊಂಡದ್ದೂ ನಡೆಯುತ್ತದೆ.

ವಿಮೆಯಲ್ಲಿ ಜನ ಪ್ರೀಮಿಯಂ ನೋಡುತ್ತಾರೆ. ನೋಡಬೇಕಾದ್ದು ಮೊದಲಿನಿಂದ ಇರುವ ಕಾಯಿಲೆಯ ಷರತ್ತು. ಬಿಪಿ, ಸಕ್ಕರೆ ಕಾಯಿಲೆ "ಸ್ಥಿರ"ವಾಗಿದ್ದರೆ ಮಾತ್ರ ವಿಮೆ ಕೊಡುವ ಪಾಲಿಸಿಗಳಲ್ಲಿ, ಹೊರಡುವ ಮುಂಚಿನ 90 ಅಥವಾ 180 ದಿನಗಳಲ್ಲಿ ಮಾತ್ರೆಯ ಪ್ರಮಾಣ ಬದಲಾಗಿದ್ದರೂ ಅದನ್ನು ಅಸ್ಥಿರ ಎಂದೇ ಎಣಿಸುವುದುಂಟು, ಪ್ರಮಾಣ ಕಡಿಮೆ ಮಾಡಿದ್ದರೂ. ಪ್ರಯಾಣಕ್ಕೆ ಮೊದಲು ಡಾಕ್ಟರ್ ಬಳಿ ಹೋಗಿ ಹೊಸ ಮಾತ್ರೆ ಬರೆಸಿಕೊಂಡು ಬರುವುದು ನಮ್ಮ ಹಿರಿಯರ ರೂಢಿ. ಕ್ಲೇಮ್ ಬಿದ್ದುಹೋಗುವುದು ಹೆಚ್ಚಾಗಿ ಅಲ್ಲೇ.

ದಿನದ ಲೆಕ್ಕ

ಪಿಆರ್ ಉಳಿಯಲು ಪ್ರತಿ ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ಈ ಐದು ವರ್ಷ ಕಾರ್ಡಿನ ಅವಧಿಯಲ್ಲ. ಅಧಿಕಾರಿ ನೋಡುವ ದಿನದಿಂದ ಹಿಂದಕ್ಕೆ ಎಣಿಸುವ ಐದು ವರ್ಷ. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಕೆನಡಾದ ಪ್ರಜೆಯಾದ ಸಂಗಾತಿಯ ಜೊತೆ ಹೊರದೇಶದಲ್ಲಿದ್ದ ದಿನಗಳೂ ಸೇರುತ್ತವೆ. ಮಕ್ಕಳು ಸ್ಪಾನ್ಸರ್ ಮಾಡಿ ಪಿಆರ್ ಪಡೆದ ಅಪ್ಪ ಅಮ್ಮನಿಗೂ ಇದೇ ನಿಯಮ. ಊರಿನ ಮನೆ ತೋಟ ಬಿಡಲಾರದವರಿಗೆ ಪಿಆರ್ ಕೈತಪ್ಪುವುದು ಹೀಗೆ.

ಕಾರ್ಡಿನ ಅವಧಿ ಮುಗಿದರೆ ಪಿಆರ್ ಮುಗಿಯುವುದಿಲ್ಲ, ಆದರೆ ವಿಮಾನ ಹತ್ತಲು ಬಿಡುವುದಿಲ್ಲ. ಹೊರಗೆ ಸಿಕ್ಕಿಕೊಂಡರೆ ಪಿಆರ್ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಬೇಕು. ಅದು ತಿರಸ್ಕೃತವಾದರೆ ಮೇಲ್ಮನವಿಗೆ 60 ದಿನ. ಮೊದಲ ಕಾರ್ಡಿಗೆ ಕೆನಡಾದ ವಿಳಾಸವನ್ನು 180 ದಿನದೊಳಗೆ ಕೊಡದಿದ್ದರೆ ಬೇರೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕಾಗುತ್ತದೆ.

ಹೆಲ್ತ್ ಕಾರ್ಡ್

ಆರೋಗ್ಯ ವಿಮೆ ಪ್ರಾಂತ್ಯಗಳ ಕೈಯಲ್ಲಿದೆ, ಹಾಗಾಗಿ ಟೊರೊಂಟೊದ ಗೆಳೆಯ ಹೇಳಿದ್ದು ವ್ಯಾಂಕೂವರ್‌ನಲ್ಲಿ ನಡೆಯುವುದಿಲ್ಲ. ಒಂಟಾರಿಯೊದಲ್ಲಿ ಮೂರು ತಿಂಗಳ ಕಾಯುವಿಕೆ 2020ರ ಮಾರ್ಚ್‌ನಿಂದ ಇಲ್ಲ. ವಲಸೆ ಸ್ಥಿತಿಯ ದಾಖಲೆ, ವಿಳಾಸದ ಪುರಾವೆ, ಗುರುತಿನ ಚೀಟಿ, ಮೂರನ್ನೂ ಹಿಡಿದು ಸರ್ವಿಸ್‌ಒಂಟಾರಿಯೊ ಕಚೇರಿಗೆ ಹೋದರೆ ಓಹಿಪ್ (ಒಂಟಾರಿಯೊದ ಆರೋಗ್ಯ ವಿಮೆ) ಅರ್ಜಿ ಆಗುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳು ಮತ್ತು ಇನ್ನೆರಡು ತಿಂಗಳು ಕಾಯಬೇಕು: ಮೇ 10ಕ್ಕೆ ಇಳಿದರೆ ಆಗಸ್ಟ್ 1ಕ್ಕೆ ಶುರು. ಅಲ್ಬರ್ಟಾದಲ್ಲಿ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಬಂದ ದಿನದಿಂದಲೇ. ಕ್ವಿಬೆಕ್‌ನಲ್ಲಿ ಮೂರು ತಿಂಗಳವರೆಗೆ ಕಾಯಿಸುತ್ತಾರೆ. ಕಾಯುವ ಅವಧಿಗೆ ಖಾಸಗಿ ವಿಮೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ. ಬಂದಮೇಲೆ ಕೊಂಡರೆ ಮೊದಲ ಕೆಲವು ದಿನ ಕಾಯಿಲೆಗೆ ಹಣ ಕೊಡದ ಷರತ್ತು ಹಲವು ಪಾಲಿಸಿಗಳಲ್ಲಿದೆ.

ಒಂಟಾರಿಯೊದ ಲೆಕ್ಕ ಬೇರೆ: ಯಾವುದೇ 12 ತಿಂಗಳಲ್ಲಿ 153 ದಿನ ಪ್ರಾಂತ್ಯದಲ್ಲಿರಬೇಕು, ಹೊಸಬರು ಮೊದಲ 183 ದಿನಗಳಲ್ಲೇ 153 ದಿನ. ಪಿಆರ್‌ನ 730 ಸರಿಯಿದ್ದೂ ಇಲ್ಲಿ ಎಡವಬಹುದು. "ಇಳಿದು ಕಾರ್ಡ್ ಮಾಡಿಸಿಕೊಂಡು ವಾಪಸ್ ಹೋಗಿ ವಸ್ತುಗಳನ್ನೆಲ್ಲ ಮಾರಿ ಬರೋಣ" ಎನ್ನುವವರು ಮೊದಲ ಆರು ತಿಂಗಳನ್ನು ಎಣಿಸಿಕೊಂಡು ಹೊರಡಲಿ.

ಕಾರ್ಡ್ ಬಂದರೂ ಹಲ್ಲು, ಕನ್ನಡಕ, ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಕೆಲಸ ಕೊಟ್ಟವರ ವಿಮೆ ಇಲ್ಲದವರಿಗೆ ಒಂಟಾರಿಯೊದ ಟ್ರಿಲಿಯಮ್, ಬಿ.ಸಿ.ಯ ಫೇರ್ ಫಾರ್ಮಾಕೇರ್‌ನಂಥ ಔಷಧಿ ಯೋಜನೆಗಳಿವೆ. ಹಲ್ಲಿಗೆ ಕೇಂದ್ರದ ಡೆಂಟಲ್ ಕೇರ್ ಪ್ಲಾನ್ ಇದೆ. ಕುಟುಂಬದ ಆದಾಯ 90,000 ಡಾಲರ್‌ಗಿಂತ ಕಡಿಮೆಯಿರಬೇಕು, ಬೇರೆ ದಂತ ವಿಮೆ ಸಿಗುವಂತಿರಬಾರದು, ತೆರಿಗೆ ರಿಟರ್ನ್ ಸಲ್ಲಿಸಿರಬೇಕು. ದುಡಿಮೆ ಇಲ್ಲದ ಸಂಗಾತಿಯೂ ಶೂನ್ಯ ಆದಾಯದ ರಿಟರ್ನ್ ಹಾಕಬೇಕಾದ್ದು ಇದಕ್ಕೇ.

ಪ್ರಾಂತ್ಯ ಬದಲಿಸುವಾಗ ಹಳೆಯ ಕಾರ್ಡನ್ನು ಕೂಡಲೇ ಬಿಸಾಡಬೇಡಿ. ಹೊಸ ಜಾಗದ ಕಾಯುವಿಕೆ ಮುಗಿಯುವವರೆಗೆ, ಸಾಮಾನ್ಯವಾಗಿ ಮೂರು ತಿಂಗಳವರೆಗೆ, ಹಳೆಯ ಪ್ರಾಂತ್ಯವೇ ನೋಡಿಕೊಳ್ಳುತ್ತದೆ; ಆದರೆ ಹೊರಡುವ ತಾರೀಖನ್ನು ಮೊದಲೇ ಅಲ್ಲಿಗೆ ತಿಳಿಸಿ, ಹೊಸ ಕಡೆ ಇಳಿದ ವಾರವೇ ಅರ್ಜಿ ಹಾಕಿ.