ಬರೀ ಚೈನ್ ಬದಲಿಸಿ ಕೆಟ್ಟೆ

ಬೈಕ್ ಬಿಡಿಭಾಗದ ಅಂಗಡಿಯವರು ಅವತ್ತೇ ಹೇಳಿದ್ದರು: "ಸೆಟ್ಟೇ ತಗೊಂಡು ಹೋಗಿ ಸಾರ್, ಬರೀ ಚೈನ್ ಹಾಕಿದ್ರೆ ಮತ್ತೆ ಬರ್ತೀರ." ಸೆಟ್ ಅಂದರೆ ಚೈನ್ ಜೊತೆಗೆ ಅದು ಓಡುವ ಮುಂದಿನ, ಹಿಂದಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಎರಡೂ. ವ್ಯಾಪಾರದ ಮಾತು ಅಂದುಕೊಂಡೆ. 600 ರೂಪಾಯಿ ಉಳೀತು ಅಂತ ಚೈನ್ ಒಂದನ್ನೇ ತಂದು ಮನೆ ಅಂಗಳದಲ್ಲಿ ನಾನೇ ಹಾಕಿದೆ. ನಾಲ್ಕೇ ತಿಂಗಳು. ತೀರ್ಥಹಳ್ಳಿ ಕಡೆ ಒಂದು ಏರಿನಲ್ಲಿ ಬೈಕ್ ಕಟಕಟ ಅನ್ನೋಕೆ ಶುರುವಾಯಿತು. ಹೊಸ ಚೈನು ಸ್ಪ್ರಾಕೆಟ್ ಹಲ್ಲು ಬಿಟ್ಟು ಹಾರುತ್ತಿತ್ತು.

ಕವರ್ ಬಿಚ್ಚಿ ನೋಡಿದರೆ ಮುಂದಿನ ಸ್ಪ್ರಾಕೆಟ್ ಹಲ್ಲುಗಳೆಲ್ಲ ಒಂದೇ ಕಡೆ ವಾಲಿವೆ. ಅಡಿಕೆ ಕೊಯ್ಯುವ ದೋಟಿ ತುದಿಯ ಕತ್ತಿ ಇರುತ್ತಲ್ಲ, ಥೇಟ್ ಹಾಗೆ. ಹಿಂದಿನದನ್ನು ಪರೀಕ್ಷೆ ಮಾಡೋದು ಇನ್ನೂ ಸುಲಭ: ಸ್ಪ್ರಾಕೆಟ್‌ನ ಹಿಂತುದಿಯಲ್ಲಿ ಚೈನನ್ನು ಬೆರಳಿಂದ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಕಥೆ ಮುಗಿದಿದೆ ಅಂತ.

ನನ್ನದು 428 ಅನ್ನೋ ಅಳತೆಯ ಚೈನ್. ಹೊಸದರಲ್ಲಿ ಒಂದು ಪಿನ್ನಿಂದ ಇನ್ನೊಂದಕ್ಕೆ 12.7 ಮಿಲಿಮೀಟರ್. ಓಡಿ ಓಡಿ ಪಿನ್ನು, ಅದರ ಸುತ್ತಲಿನ ಬುಷ್ ಸವೆದು ಈ ಅಂತರ ಹೆಚ್ಚುತ್ತದೆ. ಹಲ್ಲುಗಳೂ ಅದೇ ಅಳತೆಗೆ ಸವೆಯುತ್ತವೆ. ಅದರ ಮೇಲೆ ಹೊಸ ಚೈನ್ ಕೂರಿಸಿದರೆ ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ. ಮುಂದೆ 14 ಹಲ್ಲು, ಹಿಂದೆ 42. ಅಂದರೆ ಮುಂದಿನದಕ್ಕೆ ಮೂರು ಪಟ್ಟು ಕೆಲಸ, ಅದೇ ಮೊದಲು ಹೋಗುತ್ತದೆ.

ಎರಡನೇ ಸಲ ತೆಪ್ಪಗೆ ಸೆಟ್ಟೇ ತಂದೆ. ಒಂದು ಉಪಾಯ: ಹಳೇ ಚೈನ್ ಇರುವಾಗಲೇ ಗಾಡಿ ಗೇರಿಗೆ ಹಾಕಿ, ಹಿಂದಿನ ಬ್ರೇಕ್ ಒತ್ತಿಸಿಕೊಂಡು ಮುಂದಿನ ಸ್ಪ್ರಾಕೆಟ್ ಬೋಲ್ಟ್ ಸಡಿಲ ಮಾಡಿಕೊಳ್ಳಿ. ಚೈನ್ ಬಿಚ್ಚಿದ ಮೇಲೆ ಅದು ಸುಮ್ನೆ ತಿರುಗುತ್ತಾ ಇರುತ್ತದೆ. ಬ್ರೇಕ್ ಒತ್ತೋಕೆ ಮಗಳನ್ನು ಕೂರಿಸಿದ್ದೆ.

ಹೇಗೂ ಹಿಂದಿನ ಚಕ್ರ ಕೈಗೆ ಬಂದಿತ್ತಲ್ಲ, ಚಕ್ರದ ನಡುವಿನ ಹಬ್‌ನೊಳಗೆ ಎಳೆತದ ಪೆಟ್ಟು ತಡೆಯುವ ರಬ್ಬರ್ ಇರುತ್ತದೆ, ಅದನ್ನು ತೆಗೆದೆ. ಕೈಯಲ್ಲೇ ಪುಡಿಪುಡಿಯಾಯಿತು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಗಾಡಿ ಜಗ್ಗುತ್ತಿದ್ದದ್ದು ಇದಕ್ಕೇ! ನಾನು ಕ್ಲಚ್ ಅಂದುಕೊಂಡು ಆರು ತಿಂಗಳು ಕೇಬಲ್ ಟೈಟ್ ಮಾಡಿದ್ದೆ. ಬ್ರೇಕ್ ಲೈನರ್ ತೆಳ್ಳಗಾಗಿತ್ತು, ಅದನ್ನೂ ಬದಲಿಸಿದೆ. ಬೇರಿಂಗ್‌ಗಳನ್ನು ಬೆರಳು ಹಾಕಿ ತಿರುಗಿಸಿ ನೋಡಿದೆ. ಒಂದರಲ್ಲಿ ಮರಳು ಸಿಕ್ಕಂತೆ ಗರಗರ. ಜೊತೆಯದು ಚೆನ್ನಾಗೇ ಇತ್ತು, ಆದರೂ ಎರಡನ್ನೂ ತೆಗೆದೆ. ಒಂದೇ ನೀರು, ಒಂದೇ ಕೆಸರು ಕುಡಿದವು, ಎಷ್ಟು ದಿನ ಬಂದಾವು?

ಹೊಸ ಚೈನಿನ ಎರಡು ತುದಿ ಸೇರಿಸುವ ಲಾಕ್ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಉಲ್ಟಾ ಹಾಕಿದರೆ ಹಾರಿಹೋದೀತು.

ಈಗ 14,000 ಕಿಲೋಮೀಟರ್ ಆಯಿತು, ಚೈನ್ ಟೈಟ್ ಮಾಡಿದ್ದು ಮೂರೇ ಸಲ. ಮುಂದಿನ ಚಕ್ರದ ತಂಟೆಗೆ ಮಾತ್ರ ಅವತ್ತು ಹೋಗಲಿಲ್ಲ. ಬಿಚ್ಚಿರಲೂ ಇಲ್ಲ, ಕೆಟ್ಟಿರಲೂ ಇಲ್ಲ.