ಶೋಪೆನ್‌ಹಾವರನನ್ನು ಓದಲು ತೊಡಗುವುದು ಹೇಗೆ

ಆರ್ಥರ್ ಶೋಪೆನ್‌ಹಾವರ್ (1788–1860) ಎಂಬ ನಿರಾಶಾವಾದಿ ಜರ್ಮನ್ ದಾರ್ಶನಿಕನ ಪ್ರಭಾವವನ್ನು ಅರಿಯಬಯಸುವವರು ಅವನ ಮುಖ್ಯ ಗ್ರಂಥವಾದ ‘ಇಚ್ಛೆ ಮತ್ತು ಪ್ರತಿರೂಪವಾಗಿ ಜಗತ್ತು’ ಎಂಬುದರಿಂದ ಆರಂಭಿಸಬಾರದು. ಅವನಿಗೆ ಓದುಗರನ್ನು ತಂದುಕೊಟ್ಟ, 1851ರಲ್ಲಿ ‘ಪರೆರ್ಗಾ ಮತ್ತು ಪರಲಿಪೊಮೆನಾ’ ಎಂಬ ಹೆಸರಿನಲ್ಲಿ ಪ್ರಕಟವಾದ ಬಿಡಿ ಪ್ರಬಂಧಗಳಿಂದ ತೊಡಗುವುದು ಲೇಸು.

ಅಲ್ಲಿರುವ ಮುಳ್ಳುಹಂದಿಗಳ ದೃಷ್ಟಾಂತವನ್ನು ಮೊದಲು ಓದಿ. ಚಳಿಗೆ ಒತ್ತಿಕೊಂಡರೆ ಮುಳ್ಳು ಚುಚ್ಚುತ್ತದೆ, ದೂರ ಸರಿದರೆ ಚಳಿ ಕೊರೆಯುತ್ತದೆ. ಹೀಗೆ ಅತ್ತಿತ್ತ ಸರಿಯುತ್ತ ಅವು ಸಹಿಸಬಹುದಾದ ಅಂತರವೊಂದನ್ನು ಕಂಡುಕೊಳ್ಳುತ್ತವೆ; ಮನುಷ್ಯರ ಸಹವಾಸವೂ ಹೀಗೆಯೇ ಎಂಬುದು ಅದರ ಇಂಗಿತ. ಕಾಸರಗೋಡಿನ ಅಡಿಕೆ ತೋಟದಲ್ಲಿ ಮುಳ್ಳುಹಂದಿ ಉದುರಿಸಿಹೋದ ಕಪ್ಪು-ಬಿಳಿ ಮುಳ್ಳನ್ನು ಹೆಕ್ಕಿದವರಿಗೆ ಅದರ ಮೊನೆಯನ್ನು ವಿವರಿಸಬೇಕಾಗಿಲ್ಲ. ಇದೇ ದೃಷ್ಟಾಂತವನ್ನು ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ 1921ರಲ್ಲಿ ಗುಂಪಿನ ಮನಶ್ಶಾಸ್ತ್ರದ ಚರ್ಚೆಯಲ್ಲಿ ಎತ್ತಿಕೊಂಡನು.

ಬಳಿಕ ‘ಇಚ್ಛೆ’ ಎಂಬ ಪದಕ್ಕೆ ಬನ್ನಿ. ಇಲ್ಲಿ ಅವಸರ ಸಲ್ಲದು. ನಮ್ಮ ಮಾತಿನಲ್ಲಿ ಅದು ಒಬ್ಬನ ಬಯಕೆ. ಶೋಪೆನ್‌ಹಾವರನಲ್ಲಿ ಅದು ಕಲ್ಲು ಕೆಳಕ್ಕೆ ಬೀಳುವುದರಲ್ಲಿಯೂ ಬೇರು ನೀರಿನತ್ತ ಚಾಚುವುದರಲ್ಲಿಯೂ ಕೆಲಸಮಾಡುವ, ಗುರಿಯಿಲ್ಲದ, ತಣಿಯದ ಒತ್ತಡ. ಬುದ್ಧಿಯು ಅದರ ಆಳೇ ಹೊರತು ಒಡೆಯನಲ್ಲ ಎಂಬ ಅವನ ನಿಲುವು ಫ್ರಾಯ್ಡನ ಸುಪ್ತಮನಸ್ಸಿನ ಚಿಂತನೆಗಿಂತ ಮುಂಚಿನದು.

ಇನ್ನೊಬ್ಬ ಜರ್ಮನ್ ದಾರ್ಶನಿಕ ನೀಚೆಯನ್ನು ಆಮೇಲೆ ಓದಿ. ಅವನು 1865ರಲ್ಲಿ ಲೈಪ್‌ಜಿಗ್‌ನ ಹಳೆಯ ಪುಸ್ತಕದಂಗಡಿಯಲ್ಲಿ ಶೋಪೆನ್‌ಹಾವರನ ಮುಖ್ಯ ಗ್ರಂಥವನ್ನು ಕಂಡು ಮಾರುಹೋದನು, ಮುಂದೆ ಅದನ್ನು ಎದುರಿಸಿಯೇ ತನ್ನ ದಾರಿ ಹಿಡಿದನು.

ಇನ್ನೊಂದು ಎಚ್ಚರಿಕೆ: ಶೋಪೆನ್‌ಹಾವರ್ ಉಪನಿಷತ್ತುಗಳನ್ನು ಮೆಚ್ಚಿ ಓದಿದ್ದು ಮೊಘಲ್ ರಾಜಕುಮಾರ ದಾರಾ ಶಿಕೋಹನ ಪರ್ಷಿಯನ್ ಅನುವಾದದಿಂದ ಲ್ಯಾಟಿನ್‌ಗೆ ಬಂದ ಪಾಠದಲ್ಲಿ. ಓದುಕೂಟದಲ್ಲಿ ಯಾರಾದರೂ ಅವನನ್ನು ವೇದಾಂತಿಯೆಂದು ಕರೆದರೆ (ಕರೆದೇ ಕರೆಯುತ್ತಾರೆ), ಬ್ರಹ್ಮವು ಆನಂದವೆಂಬ ಮಾತನ್ನು ಮುಂದಿಟ್ಟು, ಅವನ ಇಚ್ಛೆಯಲ್ಲಿ ಆ ಆನಂದ ಎಲ್ಲಿದೆಯೆಂದು ಕೇಳಿ.